ತಾರೀಕಿನ ಚಕ್ರ

ಪಿರೇಯಸ್ ಬಂದರಿನ ಆ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಮೊಹರು ಒತ್ತಿದವಳು ಎವ್ದೋಕಿಯಾ.
ಹೆಬ್ಬೆರಳಿನ ನೀಲಿ ಯಾವ ಸೋಪಿಗೂ ಬಗ್ಗಲಿಲ್ಲ.

ಸರಕು ಹಡಗೇರಿದ ದಿನ ಯಾವುದು
ಅಂತ ಹೇಳುವುದು ಅವಳ ಕೆಲಸ;
ಅವಳು ಹೇಳಿದ ಮೇಲೆಯೇ ಬ್ಯಾಂಕು ಗಂಟು ಬಿಚ್ಚುವುದು.

ಈಗ ಬ್ಲಾಕ್‌ಚೈನ್ ಬಂದಿದೆ.
ಹಡಗಿನವರು, ವಿಮೆಯವರು, ಆಂಟ್ವರ್ಪಿನಲ್ಲಿ ಕೊಳ್ಳುವವನು,
ಎಲ್ಲರ ಮುಂದೂ ಒಂದೇ ಲೆಕ್ಕದ ಪುಟ.
ಕ್ರೇನು ಕೊಕ್ಕೆ ಬಿಟ್ಟ ಗಳಿಗೆ ತಾನೇ ದಾಖಲಾಗುತ್ತದೆ,
ಹಿಂದಿನ ಕೊಂಡಿಗೆ ಬಿಗಿದುಕೊಂಡು.
'ಒಂದನ್ನು ತಿದ್ದಿದರೆ ಸರಪಳಿಯೆಲ್ಲ ಕೂಗುತ್ತದೆ'
ಕಲಿಸಲು ಬಂದ ಹುಡುಗ ಲೆಫ್ತೇರಿಸ್‌ಗೆ ಹೆಮ್ಮೆ.
ಒಳ್ಳೆಯದೇ, ಅಂದಳು. ನಿಜಕ್ಕೂ ಒಳ್ಳೆಯದೇ.
ಕಳ್ಳ ಕಾಗದ ಎಷ್ಟು ಕಂಡಿಲ್ಲ ಅವಳು.

ಆದರೆ ತೊಂಬತ್ತನಾಲ್ಕರ ಡಿಸೆಂಬರ್.
ಬಿರುಗಾಳಿಗೆ ಎರಡು ದಿನ ತಡವಾದ ಕಿತ್ತಳೆ,
ಗಡುವು ದಾಟಿದ ಬ್ಯಾಂಕಿನ ಪತ್ರ,
ಹಬ್ಬಕ್ಕೆ ಸಂಬಳ ಕಾಣದ ಹತ್ತೊಂಬತ್ತು ಖಲಾಸಿಗಳು
ಮೆಟ್ಟಿಲ ಮೇಲೆ ಕೂತು
ಒಂದೇ ಸಿಗರೇಟು ಕೈಬದಲಿಸುತ್ತಿದ್ದರು.
ಅವಳು ಎದ್ದು ಬಾಗಿಲು ಮುಚ್ಚಿ ಬಂದಿದ್ದಳು.

ಇವತ್ತು ಮೇಜು ಖಾಲಿ ಮಾಡುವಾಗ
ಡ್ರಾಯರಿನ ತಳದಲ್ಲಿ ಸಿಕ್ಕಿತು ಮೊಹರು, ಒಣಗಿ.
ಲೆಫ್ತೇರಿಸ್ ಕಾಫಿ ತರಲು ಹೋಗಿದ್ದಾನೆ.
ತಾರೀಕಿನ ಚಕ್ರವನ್ನು ಹೆಬ್ಬೆರಳಲ್ಲಿ ತಳ್ಳುತ್ತಾಳೆ
ಹಿಂದಕ್ಕೆ, ಟಿಕ್.
ಇನ್ನೊಂದು ಹಲ್ಲು,
ಟಿಕ್.