ಖಾಲಿ ಅಂದ್ರ ಒಂದು

ಮೊದಲನೇದು ಸತ್ತದ್ದು ನನ್ನ ಕೈಯಾಗನ.
ಶಕೀಲಾಬಾಯಿ ಮಕಾನದಾರ ಅವರ ಝೆರಾಕ್ಸ್ ಅಂಗಡಿ ಡೆಸ್ಕ್‌ಟಾಪು,
ಹನ್ನೊಂದು ವರ್ಷದ್ದು, ಮೈತುಂಬ ಟೋನರಿನ ಕಪ್ಪು.
ಕಂಪನಿಯವರು ಕೊಟ್ಟ ಫ್ಲ್ಯಾಶ್ ಮಾಡೋ ಸಾಫ್ಟ್‌ವೇರು
ಒಂದು ನೀಲಿ ಪಟ್ಟಿ ತೋರಸ್ತಿತ್ತು.
ಎಷ್ಟು ಓದಿತು, ಏನು ಅಳಿಸಿತು, ಎಲ್ಲಿ ನಿಂತಿತು,
ಬಾಯಿ ಬಿಡಲಿಲ್ಲ.
ಅರವತ್ತೆರಡಕ್ಕ ಬಂದಾಗ
ಬಾಜೂ ಫೌಂಡ್ರಿಯೊಳಗ ಭರಮಾ ಚೌಗುಲೆ ಭಟ್ಟಿ ಹೊತ್ತಿಸಿದ.
ಉದ್ಯಮಬಾಗದ ಲೈಟು ಒಮ್ಮೆ ಕಣ್ಣು ಮುಚ್ಚಿ ತೆಗೀತು.
ಅಷ್ಟ.

ಆಮ್ಯಾಲ ಫ್ಯಾನು ತಿರುಗತಿತ್ತು, ಪರದೆ ಕರೀದು.
ಉಸಿರು ಐತಿ, ತನ್ನ ಹೆಸರು ನೆನಪಿಲ್ಲ.

ಕಂಪನಿಗೆ ಬರದೆ. ಹನ್ನೆರಡು ದಿನಕ್ಕ ಉತ್ತರ, ಭಾಳ ವಿನಯದಿಂದ:
ಆ ಮಾಡೆಲ್ಲು ಮುಗೀತು, ಹೊಸಾದು ತಗೋರಿ.
ಶಕೀಲಾಬಾಯಿ ಬೈಯಲಿಲ್ಲ.
"ಟಿಇಟಿ ಫಾರ್ಮಿಗೆ ನಾಳೆ ಕಡೀ ದಿನ ಐತವ್ವಾ" ಅಂದು
ಬಾಗಲದಾಗ ನಿಂತ ಹುಡುಗೀರನ್ನ ಬ್ಯಾರೆ ಅಂಗಡಿಗೆ ಕಳಿಸಿದರು.
ಬೈದಿದ್ದರ ಚಲೋ ಇತ್ತು.

ರಾತ್ರಿ ಬೋರ್ಡಿನ ಮ್ಯಾಲ ಟಾರ್ಚು ಹಿಡಿದು ಹುಡುಕಿದೆ.
ಎಂಟು ಕಾಲಿನ ಚಿಪ್ಪು, ಅಲಸಂದಿ ಕಾಳಿನಷ್ಟು.
ಕ್ಲಿಪ್ಪು ಕಚ್ಚಿಸಿ, ನೀ ಯಾರು ಅಂತ ಕೇಳೋ ನಾಕು ಸಾಲು ಬರದೆ.
ಮೂರು ಬೈಟಿನಾಗ ಹೆಸರು ಹೇಳಿತು.
ಕೇಳಿದರ ಹೇಳ್ತೈತಿ.
ಇಷ್ಟು ದಿನ ಯಾರೂ ಕೇಳಿದ್ದಿಲ್ಲ.

ಗುಜರಿ ರಜಾಕ ಕಿಲೋ ಲೆಕ್ಕದಾಗ ಕೊಟ್ಟ ಹದಿನಾಲ್ಕು ಬೋರ್ಡು;
ಮೂರು ಸುಟ್ಟೆ.
ನಾಲ್ಕನೇದನ್ನ ಪೂರಾ ಅಳಿಸಿ, ತಿರುಗಿ ಓದಿದೆ.
ಸೊನ್ನೆ ಇರತಾವ ಅಂದುಕೊಂಡಿದ್ದೆ.
ಖಾಲಿ ಪಾಟಿ, ಖಾಲಿ ಗಡಿಗಿ, ಖಾಲಿ ಕಿಸೆ
ನಮ್ಮ ಸಾಲ್ಯಾಗ ಎಲ್ಲಾ ಸೊನ್ನೆನ ಆಗಿದ್ದುವು.
ಇಲ್ಲಿ ಮೂಲಿಯಿಂದ ಮೂಲಿಗೆ ಬರೇ ಒಂದು, ಒಂದು, ಒಂದು.
ಬರೆಯೋದಂದ್ರ ಒಂದನ್ನ ಇಳಿಸಿ ಸೊನ್ನೆ ಮಾಡೋದು.
ಇಳಿಸೋದು ಒಂದೊಂದ ಆಗ್ತೈತಿ,
ಎತ್ತೋದು ಆಗೂದಿಲ್ಲ.
ತಪ್ಪಿ ಬಿದ್ದ ಒಂದು ಸೊನ್ನಿಗೆ ಇಡೀ ಓಣಿ ಕೆಡವಬೇಕು.

ಭರಮಾಗ ಹೇಳಿದೆ. ಬೀಡಿ ಆರಿಸಿ ನಕ್ಕ:
"ನಮ್ಮ ಉಸುಕಿನ ಅಚ್ಚೂ ಹಂಗ ಅಲ್ಲೇನು?
ಒಂದು ಮೂಲಿ ಕುಸಿದರ ಪೆಟಗಿ ಬೋರಲ ಹಾಕಿ
ಮತ್ತ ಮೊದಲಿಂದ ಬಡೀಬೇಕು."

ಎಂಟು ತಿಂಗಳು.
ಹಳೇದನ್ನ ಓದು. ಇನ್ನೊಮ್ಮೆ ಓದು.
ಎರಡೂ ಒಂದ ಆದರ ಮಾತ್ರ ಜ್ವಾಕಿ ಇಡು,
ಅಳಿಸೋ ಮಾತು ಆಮ್ಯಾಲ.
ಬರೆದದ್ದನ್ನ ತಿರುಗಿ ಓದಿ ತಾಳಿ ನೋಡು,
ನಿನ್ನ ಕೈಯನ್ನೂ ನಂಬಬ್ಯಾಡ.
ಪಟ್ಟಿ ಇರಲಿ; ಪಟ್ಟಿ ಕೆಳಗ
ಈಗ ಯಾವ ಓಣಿಯೊಳಗ ಅದೀವಿ ಅನ್ನೋದೂ ಕಾಣಲಿ.
ಅಳಿಸೋ ಗುಂಡಿಗಿಂತ ಮೊದಲ ಒಂದು ಸಾಲು, ನಮ್ಮ ಮಾತಿನಾಗ:
ಬಾಜೂದವರು ಭಟ್ಟಿ ಹೊತ್ತಸ್ಯಾರೇನು ಕೇಳ್ರಿ. ತಂತಿ ಮುಟ್ಟಬ್ಯಾಡ್ರಿ.

"ಎಷ್ಟಕ್ಕ ಮಾರ್ತಿ?" ಕೇಳಿದ ನನ್ನ ತಮ್ಮ ಜಿನೇಂದ್ರ.
ಮಾರೂದಿಲ್ಲ. ಕೋಡು ಎಲ್ಲಾರ ಮುಂದ ಬಿಚ್ಚಿ ಇಡ್ತೀನಿ.
ತಗೋಲಿ, ತಿದ್ದಲಿ, ತಿದ್ದಿದ್ದನ್ನ ಅವರೂ ಬಿಚ್ಚಿ ಇಡಲಿ.
ಮುಚ್ಚಿಟ್ಟದ್ದಕ್ಕನ ಅಲ್ಲೇನು ಅದು ಸತ್ತದ್ದು?
ಅವ ಕ್ಯಾಲ್ಕ್ಯುಲೇಟರ್ ಒಳಗಿಟ್ಟ.

ಎಸ್ಟೋನಿಯಾದಿಂದ ಯಾರೋ ಒಬ್ಬ,
ಹೆಸರಿನಾಗ ಸ್ವರದ ಮ್ಯಾಲ ಸ್ವರ,
ನನಗ ಗೊತ್ತಿಲ್ಲದ ಚಿಪ್ಪಿಗೆ ಹನ್ನೊಂದು ಸಾಲು ಕಳಿಸಿದ.
ಎಲ್ಲಾ ಸೂಚನೆ ತನ್ನ ಭಾಷೆಗೆ ಮಾಡಿ, ಒಂದನ್ನ ಹಂಗ ಬಿಟ್ಟಿದ್ದ:
"ತಿಳೀಲಿಲ್ಲ, ಆದರ ಅಳಿಸೋಕಿಂತ ಮೊದಲ ಐತಿ, ತೆಗೆಯಾಕ ಅಂಜಿಕಿ."
ಅರ್ಥ ಹೇಳಿದೆ. ಮರುದಿನ ಬರದ:
ಇಲ್ಲಿ ಭಟ್ಟಿ ಇಲ್ಲ, ಮಗ್ಗಲ ಮನಿಯವರ ಬಚ್ಚಲದ ಕರೆಂಟ್ ಒಲಿ ಐತಿ.
ಇರಲಿ ಆ ಸಾಲು.

ಶಕೀಲಾಬಾಯಿ ಮಷೀನನ್ನ ಕಡೀಗೆ ಇಟ್ಟಿದ್ದೆ, ಅಂಜಿ.
ಅರವತ್ತೆರಡು. ಯಾರೂ ಮಾತಾಡಲಿಲ್ಲ.
ಭರಮಾ ಬಾಗಲದಾಗ, ಎರಡೂ ಕೈ ಬಗಲಾಗ ಇಟಗೊಂಡು.
ಅರವತ್ತಮೂರು.

ಪೀಪ್ ಅಂತು. ಪರದೆ ಬೆಳಗಿತು.
ಶಕೀಲಾಬಾಯಿ ಚಾಳೀಸು ಏರಿಸಿ ಬಗ್ಗಿ ನೋಡಿ ಅಂದರು:
"ತಾರೀಖು ತಪ್ಪೈತಲ್ಲವ್ವಾ,
ಎರಡು ಸಾವಿರದ ಹನ್ನೆರಡು, ಜನವರಿ ಒಂದು."

ಹೂಂ ರೀ.
ಅದನ್ನ ಕೈಲೆ ಹಾಕಬೇಕು.