ತಲೆ ಎತ್ತು

ಬೆಳ್ಳುಳ್ಳಿಯಂಥ ವಾಸನೆ ಮೊದಲು ಬಂತು,
ಆಮೇಲೆ ಮನುಷ್ಯ.
ದಾವಣಗೆರೆಯ ಭಟ್ಟಿ ಸಾಲಿನಿಂದ, ಗೂಡ್ಸ್ ಆಟೋದಲ್ಲಿ,
ಮಂಡಕ್ಕಿ ಚೀಲ ಇಳಿಸಿದ ಹಾಗೆ ಇಳಿಸಿದರು:
ರಾಜಾಬಕ್ಷಿ, ವಯಸ್ಸು ನಲವತ್ತಿರಬಹುದು.

"ಮಧ್ಯಾಹ್ನದ ಮಿರ್ಚಿ ಸಿಸ್ಟರ್, ಹೊಟ್ಟೆ ಕೆಟ್ಟೈತಿ"
ಅಂದ ಜೊತೆಗಿದ್ದವನು.
ಮಿರ್ಚಿ ಕಣ್ಣಲ್ಲಿ ನೀರು ತರಿಸೀತು.
ಬಾಯಲ್ಲಿ ಈ ನೊರೆ? ತೊಡೆಯಲ್ಲಿ
ಚರ್ಮದಡಿ ಹುಳ ಹರಿದಂತೆ ಈ ಅದುರು?
ರೆಪ್ಪೆ ಎತ್ತಿ ಟಾರ್ಚು ಬಿಟ್ಟೆ.
ಪಾಪೆ ಅನ್ನುವುದು ಒಂದು ಸಾಸಿವೆ ಕಾಳು,
ಅದೂ ಅರ್ಧ.

ನಾಡಿ ನಲವತ್ತೆರಡು.
ಎದೆಗೆ ಕಿವಿಗೊಟ್ಟರೆ ಹರಿಹರದ ಹೊಳೆ.
ಒಣ ಸ್ಟ್ರೆಚರಿನ ಮೇಲೆ ಮಲಗಿ
ತನ್ನದೇ ನೀರಲ್ಲಿ ಮುಳುಗುತ್ತಿದ್ದಾನೆ.

ಅಂಗಿ ಕತ್ತರಿಸಿದೆ. ಸೋಪು, ಬಕೆಟ್ಟು, ಅಂಜಿನಪ್ಪ.
ಅಟ್ರೋಪಿನ್ ಅಂದರು ತಿಪ್ಪೇಶ ಡಾಕ್ಟ್ರು.
ಐದು ನಿಮಿಷಕ್ಕೆ ದುಪ್ಪಟ್ಟು, ಮತ್ತೈದಕ್ಕೆ ಅದರ ದುಪ್ಪಟ್ಟು,
ಒಡೆದ ಆಂಪೂಲುಗಳು ಟ್ರೇಯಲ್ಲಿ ಚಟಪಟ.
"ಕಣ್ಣು ನೋಡ್ತಾ ಕೂರಬೇಡಿ, ಎದೆ ಕೇಳಿ.
ಎದೆ ಒಣಗೋ ತನಕ ಬಿಡಬೇಡಿ."

ಜೊತೆಗಾರ ಆಗಲೇ ಗೋಡೆಗೆ ಒರಗಿದ್ದ, ಜೊಲ್ಲು ಒರೆಸುತ್ತ.
ಅವನಿಗೂ ಸಾಸಿವೆ.
ಆಟೋದವನು ಕೇಳಿದ: "ಲೈಟು ಯಾಕೆ ಸಣ್ಣ ಮಾಡಿದ್ರಿ?"
ಯಾರೂ ಮಾಡಿರಲಿಲ್ಲ.

ಒಬ್ಬನಾದರೆ, ತಾನೇ ಕುಡಿದ ಅನ್ನುತ್ತಾರೆ.
ಔಟ್‌ಪೋಸ್ಟಿನವರು ಹಾಗೇ ಬರೆಯತೊಡಗಿದ್ದರು.
ಮೂವರು ಅಂದರೆ ಗೋಡೌನು.
ನುಸಿಗೆಂದು ಯಾರೋ ಬಾಗಿಲು ಮುಚ್ಚಿ ಹೊಡೆದ ಎಣ್ಣೆ,
ಅದೇ ಗೋಣಿಗಳ ಮೇಲೆ ಇವರ ಮಧ್ಯಾಹ್ನದ ನಿದ್ದೆ.
"ಹೊಡೆದು ಹಾಕಿ ಅದನ್ನ" ಅಂದೆ. ಹೊಡೆದು ಹಾಕಿದರು.

ಆಮೇಲೆ ಚಾರ್ಟಿನ ಅಕ್ಷರ ನನಗೂ ಮಸುಕಾದವು.
ಕೈ ನೋಡಿಕೊಂಡೆ. ಬರಿಗೈ.
ಇಪ್ಪತ್ತು ವರ್ಷದ ಸರ್ವಿಸು!
ಅಂಜಿನಪ್ಪ ಏನೂ ಅನ್ನದೆ ನಲ್ಲಿ ಬಿಟ್ಟ.

ನಸುಕಿಗೆ ಎದೆ ಒಣಗಿತು.
ಮದ್ದು ತಲೆಗೇರಿ ರಾಜಾಬಕ್ಷಿ
ಗಾಳಿಯಲ್ಲಿ ಏನನ್ನೋ ಬಾಚತೊಡಗಿದ,
ಕಾದ ಮರಳಿಂದ ಬಾಚಿ, ಜರಡಿ ಒದರಿ,
ನನ್ನ ಕಡೆ ಸುರಿದ.
"ತಗೊಳ್ರಿ, ಬಿಸಿ ಐತಿ."
ಕೈ ಕಟ್ಟಬೇಕಿತ್ತು.
ಏಪ್ರನ್ ಒಡ್ಡಿದೆ.

ಮೂರನೇ ದಿನ, ಇನ್ನೇನು ವಾರ್ಡಿಗೆ ಕಳಿಸೋಣ ಅಂದರು.
ತಲೆ ಎತ್ತು ಅಂದೆ.
ದಿಂಬು ಬಿಟ್ಟು ಏಳಲಿಲ್ಲ ತಲೆ.
ನೋಡಿದೆ, ಉಸಿರೂ ಮೇಲೆ ಮೇಲೆ.
ಸಂಜೆಯೊಳಗೆ ಕೊಳವೆ ಇಳಿಸಿದರು,
ಯಂತ್ರ ಅವನ ಪಾಲಿನ ಉಸಿರು ಎಳೆಯುತ್ತಿದೆ.

ಜೊತೆಗಾರರಿಬ್ಬರೂ ಮನೆಗೆ ಹೋದರು.
ನಾನು ದಿನವೂ ಡ್ಯೂಟಿಗೆ ಬಂದವಳೇ
ಅದನ್ನೇ ಕೇಳುತ್ತೇನೆ. ತಲೆ ಎತ್ತು.
ಅವನ ಹೆಂಡತಿ ಬಾಗಿಲ ಗಾಜಿಗೆ ಹಣೆ ಹಚ್ಚಿ
ನನ್ನ ತುಟಿ ಓದುತ್ತಾಳೆ, ತಾನೇ ಕತ್ತು ಚಾಚುತ್ತಾಳೆ.

ಇವತ್ತು ಒಂಬತ್ತನೇ ದಿನ.
ತಲೆಗೂ ದಿಂಬಿಗೂ ನಡುವೆ
ಒಂದು ಮಂಡಕ್ಕಿ ತೂರುವಷ್ಟು ಬೆಳಕು.
ಬರೆದುಕೊಂಡೆ.