ಹಿಂಬರಹ

ನನ್ನ ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು.
ವಿಧಾನಸೌಧದ ಕೆಳಗಿನ ಹಳೆಯ ನಡವಳಿಗಳ ಕೋಣೆಗೆ
ಮಾಜಿ ಶಾಸಕರ ಪಾಸು ಕೊರಳಿಗೆ ಹಾಕಿಕೊಂಡು
ಪಿಳ್ಳಚೌಡಪ್ಪನವರು ಬಂದರು.
ಆರು ಸಲ ಗೆದ್ದವರು. ಲಿಫ್ಟು ಕೆಟ್ಟಿತ್ತು;
ಮೆಟ್ಟಿಲಿಳಿಯಲು ಇಪ್ಪತ್ತು ನಿಮಿಷ.

ಅರ್ಜಿ ಬರೆದೇ ತಂದಿದ್ದರು, ಮಾರ್ಜಿನ್ ಮಡಿಸಿದ ಬಿಳಿ ಹಾಳೆ:
ನಾನು ಸದನದಲ್ಲಿ ಯಾವ್ಯಾವ ಮಸೂದೆಗೆ
ಏನೆಂದು ಮತ ಕೊಟ್ಟೆನೆಂಬ ಪಟ್ಟಿ ಕೊಡಿಸಬೇಕಾಗಿ ವಿನಂತಿ.
ಯಾಕೆ ಸಾರ್, ಎಂದೆ.
'ಮೊಮ್ಮಗಳು ಕೇಳವ್ಳೆ. ಏಳನೇ ಕ್ಲಾಸು.
ಮಳೆ ಬಂದ್ರೆ ಅವಳ ಸ್ಕೂಲೊಳಕ್ಕೆ ನೀರು ನುಗ್ತದೆ.
ಯಾರೋ ಟೀಚರು ಅಂದವ್ರಂತೆ, ಇದು ಕೆರೆ ಆಗಿತ್ತು,
ಮುಚ್ಚುವಾಗ ನಿಮ್ಮ ತಾತ ಅಲ್ಲೇ ಕೂತಿದ್ರು, ಅಂತ.'

ಮೂರು ದಿನ ಹುಡುಕಿದೆ. ರಟ್ಟು ಮುಟ್ಟಿದರೆ ಪುಡಿ.
ಇಪ್ಪತ್ತೇಳು ವರ್ಷದಲ್ಲಿ ತಲೆ ಎಣಿಸಿದ್ದು ಒಂಬತ್ತೇ ಸಲ.
ಎಂಟು ಸಲ ಎದ್ದು ನಿಂತಿದ್ದಾರೆ, ವಿಪ್ಪು ನಿಲ್ಲೆಂದ ಕಡೆ.
ಒಂಬತ್ತನೆಯದಕ್ಕೆ ಆಸ್ಪತ್ರೆಯಲ್ಲಿದ್ದರು.
ಮಿಕ್ಕಿದ್ದೆಲ್ಲ ಧ್ವನಿಮತ.

ಧ್ವನಿಮತ ಅಂದರೆ ಇಷ್ಟೇ:
ಹೌದೆನ್ನುವವರು ಹೌದೆನ್ನಿ. ಇಲ್ಲವೆನ್ನುವವರು ಇಲ್ಲವೆನ್ನಿ.
ಹೌದೆನ್ನುವವರೇ ಹೆಚ್ಚು. ಅಂಗೀಕೃತವಾಯಿತು.
ಮುಂದಿನ ಮಸೂದೆ.
ಯಾವ ಗಂಟಲು ಯಾವುದನ್ನು ಕೂಗಿತೆಂದು
ಯಾವ ಸಂಪುಟವೂ ಬರೆದುಕೊಂಡಿಲ್ಲ.
ಬರೆದುಕೊಳ್ಳುವ ಕೆಲಸದವಳು ನಾನೇ. ಆಗ ಇಪ್ಪತ್ನಾಲ್ಕು ವಯಸ್ಸು,
ನಿಮಿಷಕ್ಕೆ ನೂರಿಪ್ಪತ್ತು ಪದದ ಶೀಘ್ರಲಿಪಿ,
ಸದನದ ನಡುವೆ ಮೇಜು, ಐದೈದು ನಿಮಿಷದ ಸರದಿ.
ಮಾತಿಗೆಲ್ಲ ನನ್ನಲ್ಲಿ ಗೆರೆ ಇತ್ತು, ಕೊಕ್ಕೆ ಇತ್ತು,
ಗದ್ದಲಕ್ಕೆ ಒಂದೇ ಪದ, ಕಂಸದೊಳಗೆ: ಗೊಂದಲ.

'ಕೆರೆ ಮಸೂದೆ ದಿನ ನಿನ್ನದೇ ಸರದಿ ಅಲ್ವೇನಮ್ಮ?
ನನಗೆ ಗ್ಯಾಪಕ ಅದೆ. ಹಸಿರು ಸೀರೆ.
ನಾನು ಇಲ್ಲ ಅಂದೆ. ಅಲ್ವಾ?'

ಹಸಿರಲ್ಲ, ನೀಲಿ.
ಅವರು ಮೂರನೇ ಸಾಲು, ಕಂಬದ ಪಕ್ಕ.
ಬಾಯಿ ತೆರೆದದ್ದು ಕಂಡಿದ್ದೆ.
ಹೌದೆನ್ನಲು ತುಟಿ ದುಂಡಗಾಗಬೇಕು. ಆಗಿರಲಿಲ್ಲ.
ಇಲ್ಲವೆನ್ನಲು ನಾಲಗೆ ಅಂಗುಳಕ್ಕೆ ತಾಗಬೇಕು.
ನನ್ನ ಕುರ್ಚಿಗೆ ನಾಲಗೆ ಕಾಣುತ್ತಿರಲಿಲ್ಲ.
ಊಟವಾದ ಹೊತ್ತು; ಆಕಳಿಕೆಯೂ ಇರಬಹುದು.
ಮರುವರ್ಷ ಅದೇ ಕೆರೆಯಂಗಳದಲ್ಲಿ
ಅವರ ಭಾಮೈದನ ಹೆಸರಿಗೊಂದು ಮೂಲೆ ಸೈಟು ಬಂತೆಂದು
ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವವನೂ ಹೇಳುತ್ತಿದ್ದ.
ಅದೂ ಯಾವ ಸಂಪುಟದಲ್ಲೂ ಇಲ್ಲ.

ನಾನು ಉತ್ತರ ಕೊಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತೆ.
ಅರ್ಜಿಗೆ ಹಿಂಬರಹ ಕೊಡುವುದಷ್ಟೇ ನನ್ನ ಅಧಿಕಾರ.
ಸದರಿ ಮಸೂದೆಯ ಮೇಲೆ ಮಾನ್ಯ ಮಾಜಿ ಸದಸ್ಯರಾದ
ಶ್ರೀ ಪಿಳ್ಳಚೌಡಪ್ಪನವರ ಮತದ ಬಗ್ಗೆ ಈ ಕಚೇರಿಯಲ್ಲಿ ದಾಖಲೆ
ಎಂಬಲ್ಲಿಗೆ ಸಾಲು ತುಂಬಿತು;
ಕೊನೆಯ ಪದ ತಾನಾಗಿ ಕೆಳಗಿಳಿದು
ಒಂಟಿಯಾಗಿ ನಿಂತಿತು:
ಇಲ್ಲ.

ಕನ್ನಡಕ ಹಣೆಗೇರಿಸಿ, ಹಾಳೆ ಕಣ್ಣಿಗೆ ಹತ್ತಿರ ಹಿಡಿದು
ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.
ಬೆರಳು ಮೆಲ್ಲಗೆ ಜಾರಿ ಕೆಳಗಿನ ಸಾಲಿಗೆ ಬಂತು.
'ಇಲ್ಲ,' ಎಂದು ಓದಿದರು. ಇನ್ನೊಮ್ಮೆ ಓದಿದರು,
ಈ ಸಲ ಕಪಾಟುಗಳಿಗೆ ಕೇಳುವಷ್ಟು ಜೋರಾಗಿ.
'ಸೀಲು ಹಾಕು.'

ಹಾಕಿದೆ. ಮಸಿ ಆರಲೆಂದು ಊದಿದರು.
ನಾಲ್ಕು ಮಡಿಕೆ ಮಾಡಿ ಒಳಜೇಬಿಗಿಟ್ಟುಕೊಂಡು
ಬಾಗಿಲಲ್ಲಿ ತಿರುಗಿ ಕೇಳಿದರು,
'ಮಗೂಗೆ ಇದನ್ನ ತೋರಿಸಬೋದು, ಅಲ್ಲವಾ?'

ನನ್ನ ತುಟಿ ದುಂಡಗಾಯಿತೋ ಏನೋ.
ಬರೆದುಕೊಳ್ಳಲು
ಅಲ್ಲಿ ಬೇರೆ ಯಾರೂ ಇರಲಿಲ್ಲ.